ಕರುಳಿನ ಕ್ಯಾನ್ಸರ್: ಮುಂಗತಿ ಹೇಳುವ ಪ್ರೊಟೀನುಗಳು

ರೋಗ ಯಾವುದೆಂದು ಗೊತ್ತಾದ ಕೂಡಲೆ ರೋಗಿಯ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: 'ಮುಂದೇನಾಗುತ್ತದೆ?' ಈ ಪ್ರಶ್ನೆ ವೈದ್ಯಶಾಸ್ತ್ರದಷ್ಟೇ ಹಳೆಯದು. ಸುಲಭವಾಗಿ ಗುಣವಾಗುವ ಸುಖಸಾಧ್ಯ, ಕಷ್ಟಪಟ್ಟರೆ ಗುಣವಾಗುವ ಕೃಚ್ಛ್ರಸಾಧ್ಯ, ಗುಣವಾಗದಿದ್ದರೂ ಪಥ್ಯ-ಔಷಧಗಳಿಂದ ಹತೋಟಿಯಲ್ಲಿಡಬಹುದಾದ ಯಾಪ್ಯ, ಕೈಮೀರಿದ ಅಸಾಧ್ಯ ಎಂದು ಚರಕಸಂಹಿತೆ ರೋಗಗಳನ್ನು ವಿಂಗಡಿಸುತ್ತದೆ. ಅದರ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳು ಸಾವಿನ ಮುನ್ಸೂಚನೆಗಳಿಗೇ ಮೀಸಲು. ರೋಗಿಯ ಮೈಬಣ್ಣ, ದನಿ, ಕನಸು ಮಾತ್ರವಲ್ಲ, ವೈದ್ಯನನ್ನು ಕರೆಯಲು ಬಂದ ದೂತನ ಚಹರೆಯೂ ಅಲ್ಲಿ ಒಂದು ಸೂಚನೆ. ಗ್ರೀಸಿನಲ್ಲಿಯೂ ಹಿಪೊಕ್ರಾಟಿಸನ ಹೆಸರಿನಲ್ಲಿ ಮುನ್ಸೂಚನೆಗಳ ಬಗೆಗೇ ಪ್ರತ್ಯೇಕ ಗ್ರಂಥವೊಂದಿದೆ. ಆಧುನಿಕ ವೈದ್ಯರು ಇದನ್ನು ಪ್ರಾಗ್ನೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ರೋಗದ ಮುಂಗತಿ ಎನ್ನಬಹುದು.

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ ಇಂದು ದೂತನ ಕೆಲಸವನ್ನು ಕೆಲವು ಪ್ರೊಟೀನುಗಳು ಮಾಡುತ್ತವೆ. ರೋಗಿಯ ರಿಪೋರ್ಟಿನಲ್ಲಿ ಸಿಇಎ, ಎಂಎಲ್‌ಎಚ್-1, ಎಂಎಸ್‌ಎಚ್-2 ಮುಂತಾದ ಅಕ್ಷರಗಳು, ಅವುಗಳ ಮುಂದೆ ಒಂದು ಅಂಕಿ ಅಥವಾ 'ಇದೆ', 'ಇಲ್ಲ' ಎಂಬ ಒಂದು ಮಾತು. ಇಷ್ಟನ್ನು ನೋಡಿಯೇ ಕೆಲವರು ಆಶೆ ಬಿಡುತ್ತಾರೆ, ಕೆಲವರು ಗೆದ್ದೆವೆಂದು ನಿಶ್ಚಿಂತರಾಗುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಈ ಅಕ್ಷರಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ತಿಳಿದುಕೊಂಡರೆ ಚಿಕಿತ್ಸೆಯ ದಾರಿಯಲ್ಲಿ ಬಹಳಷ್ಟು ಗೊಂದಲ ತಪ್ಪುತ್ತದೆ.

ಬೆಂಗಳೂರಿನ ಉತ್ತರ ಭಾಗಕ್ಕೆ ಪ್ರೊಟೀನು ಹೊಸ ಮಾತಲ್ಲ. ಯಶವಂತಪುರಕ್ಕೆ ಒತ್ತಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಪ್ರೊಟೀನಿನ ಸರಪಳಿ ಯಾವ ಕೋನಗಳಲ್ಲಿ ಮಡಚಿಕೊಳ್ಳಬಲ್ಲದು ಎಂಬುದನ್ನು ತೋರಿಸುವ, 1963ರಲ್ಲಿ ಅವರು ಮದರಾಸಿನಲ್ಲಿದ್ದಾಗ ಪ್ರಕಟವಾದ ನಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಸಂಸ್ಥೆ ಹೆಬ್ಬಾಳದ ಬಳಿಯಿಂದಲೇ ಕ್ಯಾನ್ಸರಿನ ವಂಶವಾಹಿ ಪರೀಕ್ಷೆಗಳನ್ನು ನಡೆಸಿತು. ಆಸ್ಪತ್ರೆಗಳೂ ಇದೇ ಸುತ್ತಿನಲ್ಲಿವೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಷ್ಟು ಹಳೆಯದು. ಮತ್ತೀಕೆರೆಯ ಬಳಿ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು 1979ರಲ್ಲಿ ಆರಂಭವಾಯಿತು. ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ರೋಗಿಗಳು ಯಲಹಂಕದ ಮೇಲೆ ಇಲ್ಲಿಗೆ ಬಂದಿಳಿಯುತ್ತಾರೆ. ಪ್ರಯೋಗಾಲಯದಲ್ಲಿ ಬಿಡಿಸಿದ ಒಗಟು ರೋಗಿಯ ಕೈಯ ಹಾಳೆಯಾಗಿ ಬರುವುದು ಹೀಗೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ. ಆದರೆ ಆ ಹಾಳೆಯನ್ನು ಓದಿ ಹೇಳುವವರು ಎಲ್ಲರಿಗೂ ಸಿಗುವುದಿಲ್ಲ.

ಮೂಲವ್ಯಾಧಿ ಎಂಬ ಮುಸುಕು

ಪ್ರೊಟೀನಿನ ಮಾತಿಗೆ ಮೊದಲು ತಡವಾಗುವುದರ ಮಾತು ಬರಬೇಕು. ಮಲದಲ್ಲಿ ರಕ್ತ ಕಂಡರೆ ನಮ್ಮ ಜನ ಅದಕ್ಕೆ ಇಡುವ ಹೆಸರು ಮೂಲವ್ಯಾಧಿ. ಹಲವು ವೇಳೆ ಅದು ನಿಜವೂ ಹೌದು. 'ಶಸ್ತ್ರಚಿಕಿತ್ಸೆ ಇಲ್ಲದೆ ಮೂಲವ್ಯಾಧಿ ಗುಣ' ಎಂಬ ಫಲಕಗಳು ಊರಿನ ಎಲ್ಲೆಡೆಯಂತೆ ಯಶವಂತಪುರ, ಆರ್.ಟಿ. ನಗರದ ಬೀದಿಗಳಲ್ಲೂ ಸಿಗುತ್ತವೆ. ಮುಜುಗರದಿಂದ ತಿಂಗಳುಗಟ್ಟಲೆ ಯಾರಿಗೂ ಹೇಳದೆ, ಆಮೇಲೆ ಮುಲಾಮು ಮಾತ್ರೆಗಳಲ್ಲಿ ಇನ್ನಷ್ಟು ತಿಂಗಳು ಕಳೆದು, ಕೊನೆಗೆ ಮಲವಿಸರ್ಜನೆಯೇ ಕಷ್ಟವಾದಾಗ ದೊಡ್ಡಾಸ್ಪತ್ರೆಗೆ ಬರುವವರು ಕಡಿಮೆಯೇನಿಲ್ಲ. ಗುದನಾಳದ ಎಷ್ಟೋ ಗಡ್ಡೆಗಳನ್ನು ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಮಾಡುವ ಒಂದೆರಡು ನಿಮಿಷದ ಪರೀಕ್ಷೆಯಲ್ಲೇ ಗುರುತಿಸಬಹುದು. ಆ ಪರೀಕ್ಷೆಗೆ ಯಂತ್ರ ಬೇಡ, ಹೆಚ್ಚಿನ ಖರ್ಚೂ ಇಲ್ಲ.

ಇಂಥ ಅಲಕ್ಷ್ಯಕ್ಕೆ ಒಂದು ಕಾರಣವೂ ಇದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ಕ್ಯಾನ್ಸರ್ ಕಡಿಮೆ. ಹಾಗಾಗಿ ರೋಗಿಗೂ ಮೊದಲು ನೋಡಿದ ವೈದ್ಯರಿಗೂ ಸಂಶಯ ಬರುವುದು ತಡ. ಆದರೆ ಕಾಲ ಬದಲಾಗುತ್ತಿದೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮುಂಬಯಿ, ಮದರಾಸುಗಳ ಜೊತೆ ದೇಶದಲ್ಲಿ ಮೊದಲು ಶುರುವಾದ ಇಂಥ ನೋಂದಣಿಗಳಲ್ಲಿ ಇದೂ ಒಂದು. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಮರಣ ದಾಖಲೆಗಳನ್ನೂ ತಿರುವಿ, ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾರೆ. ದಶಕಗಳ ಈ ಲೆಕ್ಕದಲ್ಲಿ ಕರುಳಿನ ಕ್ಯಾನ್ಸರಿನ ರೇಖೆ ಮೇಲ್ಮುಖವಾಗಿಯೇ ಸಾಗಿದೆ.

ಮೊದಲ ಮಾತು ಹಂತದ್ದು

ಮುಂಗತಿಯನ್ನು ಅಳೆಯಲು ಭದ್ರವಾದ ತಳಪಾಯ ಹಾಕಿದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗನಿದಾನ ತಜ್ಞ ಕತ್‌ಬರ್ಟ್ ಡ್ಯೂಕ್ಸ್. ಶಸ್ತ್ರವೈದ್ಯರು ಕತ್ತರಿಸಿ ತೆಗೆದ ಗುದನಾಳಗಳನ್ನು ಒಂದೊಂದಾಗಿ ಪರೀಕ್ಷಿಸಿ, 1932ರಲ್ಲಿ ಅವರು ಮೂರು ವರ್ಗ ಮಾಡಿದರು. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ 'ಎ', ಗೋಡೆ ದಾಟಿದ್ದರೆ 'ಬಿ', ಸಮೀಪದ ದುಗ್ಧಗ್ರಂಥಿಗಳನ್ನು ಸೇರಿದ್ದರೆ 'ಸಿ'. ಇಂದು ಬಳಕೆಯಲ್ಲಿರುವ ನಾಲ್ಕು ಹಂತಗಳ ಪದ್ಧತಿ ಇದರದೇ ಬೆಳೆದ ರೂಪ. ಪಿತ್ತಜನಕಾಂಗ, ಶ್ವಾಸಕೋಶದಂಥ ದೂರದ ಅಂಗಗಳಿಗೆ ಹರಡಿದ್ದರೆ ಅದು ನಾಲ್ಕನೆಯ ಹಂತ.

ಹಂತದ ತೂಕ ಎಷ್ಟೆಂಬುದಕ್ಕೆ ಅಮೆರಿಕದ ಅಂಕಿಗಳನ್ನು ನೋಡಬಹುದು. ಕರುಳಿನೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 90 ಮಂದಿ. ನೆರೆಯ ಗ್ರಂಥಿಗಳಿಗೆ ಹಬ್ಬಿದ್ದರೆ 70ಕ್ಕೂ ತುಸು ಹೆಚ್ಚು. ದೂರದ ಅಂಗಗಳಿಗೆ ಹರಡಿದ್ದರೆ 15ರ ಆಸುಪಾಸು. ಇಷ್ಟು ದೊಡ್ಡ ಅಂತರವನ್ನು ಯಾವ ಪ್ರೊಟೀನೂ ಒಂಟಿಯಾಗಿ ತೋರಿಸಲಾರದು. ಆದ್ದರಿಂದ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದದ್ದು ಹಂತವನ್ನು. ಜೊತೆಗೆ ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆ ಎಂಬುದನ್ನೂ ನೋಡಬೇಕು. ಕನಿಷ್ಠ ಹನ್ನೆರಡನ್ನಾದರೂ ನೋಡಿರಬೇಕೆಂಬುದು ಒಪ್ಪಿತ ನಿಯಮ. ನಾಲ್ಕೈದನ್ನು ಮಾತ್ರ ನೋಡಿ 'ಹರಡಿಲ್ಲ' ಎಂದರೆ ಆ ಭರವಸೆಗೆ ಬಲ ಕಡಿಮೆ.

ಆದರೆ ಒಂದೇ ಹಂತದಲ್ಲಿದ್ದು ಒಂದೇ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರು ಗುಣವಾಗಿ ಇನ್ನೊಬ್ಬರಿಗೆ ರೋಗ ಮರುಕಳಿಸುವುದುಂಟು. ಆ ವ್ಯತ್ಯಾಸದ ಬೇರನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದೇ ಪ್ರೊಟೀನು ಗುರುತುಗಳು.

ರಕ್ತದಲ್ಲಿ ಸಿಗುವ ಸುಳಿವು

ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು 1965ರಲ್ಲಿ ದೊಡ್ಡಕರುಳಿನ ಗಡ್ಡೆಗಳಲ್ಲಿ ಒಂದು ವಿಶೇಷ ಪ್ರೊಟೀನನ್ನು ಕಂಡರು. ತಾಯಿಯ ಹೊಟ್ಟೆಯಲ್ಲಿರುವ ಭ್ರೂಣದ ಕರುಳಿನಲ್ಲೂ ಅದು ಹೇರಳವಾಗಿತ್ತು. ಹುಟ್ಟಿದ ಮೇಲೆ ಬಹುಮಟ್ಟಿಗೆ ಅಡಗಿಹೋಗುವ ಈ ವಸ್ತುವನ್ನು ಕ್ಯಾನ್ಸರ್ ಕೋಶಗಳು ಮತ್ತೆ ತಯಾರಿಸತೊಡಗುತ್ತವೆ. ಭ್ರೂಣಕ್ಕೂ ಕ್ಯಾನ್ಸರಿಗೂ ನಂಟಿರುವ ಕಾರಣ ಅದಕ್ಕೆ ಕಾರ್ಸಿನೊ-ಎಂಬ್ರಿಯಾನಿಕ್ ಆಂಟಿಜೆನ್, ಚಿಕ್ಕದಾಗಿ ಸಿಇಎ ಎಂದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯೂ ಬಂತು.

ಒಂದು ತೊಟ್ಟು ರಕ್ತದಿಂದ ಕ್ಯಾನ್ಸರನ್ನು ಮೊದಲೇ ಹಿಡಿಯಬಹುದೆಂಬ ಆಶೆ ಅಂದು ಹುಟ್ಟಿತ್ತು. ಅದು ಕೈಗೂಡಲಿಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ, ಪಿತ್ತಜನಕಾಂಗದ ರೋಗವಿದ್ದವರಲ್ಲಿ, ಕರುಳಿನ ಉರಿಯೂತವಿದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಏರುತ್ತದೆ. ಇತ್ತ, ಆರಂಭದ ಗಡ್ಡೆಯಿದ್ದ ಅನೇಕರಲ್ಲಿ ಅದು ಏರುವುದೇ ಇಲ್ಲ. ಆದ್ದರಿಂದ 'ಆರೋಗ್ಯ ತಪಾಸಣೆ'ಯ ಪಟ್ಟಿಯಲ್ಲಿ ಸಿಇಎ ಸೇರಿಸಿ ಅದು ಸರಿಯಾಗಿದೆ ಎಂದ ಮಾತ್ರಕ್ಕೆ ಕರುಳು ಸರಿಯಾಗಿದೆ ಎನ್ನಲಾಗದು.

ರೋಗ ಖಚಿತವಾದ ಮೇಲೆ ಮಾತ್ರ ಇದೇ ಪ್ರೊಟೀನು ಬಹಳ ಉಪಕಾರಿ. ಧೂಮಪಾನ ಮಾಡದವರಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ 5 ನ್ಯಾನೊಗ್ರಾಂವರೆಗೆ ಸಾಮಾನ್ಯವೆಂದು ಲೆಕ್ಕ. ಗ್ರಾಂನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ. ಶಸ್ತ್ರಚಿಕಿತ್ಸೆಗೆ ಮೊದಲು ಇದು ತೀರ ಹೆಚ್ಚಿದ್ದರೆ ಮುಂಗತಿ ಅಷ್ಟು ಒಳ್ಳೆಯದಲ್ಲ. ಗಡ್ಡೆಯನ್ನು ಪೂರ್ತಿಯಾಗಿ ತೆಗೆದಿದ್ದರೆ ನಾಲ್ಕರಿಂದ ಆರು ವಾರಗಳಲ್ಲಿ ಅದು ಸಾಮಾನ್ಯ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ರೋಗ ಉಳಿದಿರುವ ಸಂಶಯ. ಇಳಿದದ್ದು ತಿಂಗಳುಗಳ ನಂತರ ಸತತವಾಗಿ ಏರತೊಡಗಿದರೆ ರೋಗ ಮರುಕಳಿಸಿರಬಹುದು. ಕಣ್ಣಿಗೆ ಕಾಣುವ ಲಕ್ಷಣಗಳಿಗಿಂತ ಮೊದಲೇ ಈ ಏರಿಕೆ ಕಾಣಿಸುವುದುಂಟು. ಪಿತ್ತಜನಕಾಂಗದಲ್ಲಿ ಒಂದೆರಡೇ ಗಂಟುಗಳಿರುವಾಗ ಪತ್ತೆಯಾದರೆ ಅವನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸುವ ಸಾಧ್ಯತೆ ಇದೆ. ಮೂರರಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸುವುದು ಇದಕ್ಕಾಗಿ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಶಸ್ತ್ರಚಿಕಿತ್ಸೆಗೆ ಮೊದಲೇ ಒಮ್ಮೆ ಅಳೆದಿಡಬೇಕು. ಮೊದಲು ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ ಮುಂದಿನ ಏರಿಳಿತವನ್ನು ಅರ್ಥೈಸುವುದು ಕಷ್ಟ. ಎರಡು, ಪರೀಕ್ಷೆಯ ವಿಧಾನ ಬೇರೆಯಾದರೆ ಅಂಕಿಯೂ ಬೇರೆಯಾಗಬಹುದು. ಒಮ್ಮೆ ಯಲಹಂಕದಲ್ಲಿ, ಮತ್ತೊಮ್ಮೆ ಯಶವಂತಪುರದಲ್ಲಿ ರಕ್ತ ಕೊಟ್ಟು ಎರಡು ಅಂಕಿಗಳನ್ನು ಹೋಲಿಸಿ ಹೆದರುವುದಕ್ಕಿಂತ ಒಂದೇ ಪ್ರಯೋಗಾಲಯಕ್ಕೆ ಹೋಗುವುದು ಲೇಸು. ಒಂಟಿ ಅಂಕಿಗಿಂತ ಸಾಲಾಗಿ ಬಂದ ಅಂಕಿಗಳ ದಿಕ್ಕು ಮುಖ್ಯ.

ಕರಡು ತಿದ್ದುವ ನಾಲ್ವರು

ಎರಡನೆಯ ಬಗೆಯ ಗುರುತುಗಳು ಗಡ್ಡೆಯ ಚೂರಿನಲ್ಲೇ ಸಿಗುತ್ತವೆ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಳ್ಳುತ್ತದೆ. ಕೋಟಿಗಟ್ಟಲೆ ಅಕ್ಷರಗಳ ನಕಲಿನಲ್ಲಿ ತಪ್ಪುಗಳು ನುಸುಳುವುದು ಸಹಜ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರಿರುವಂತೆ ಕೋಶದಲ್ಲೂ ಈ ತಪ್ಪುಗಳನ್ನು ಹುಡುಕಿ ಸರಿಪಡಿಸುವ ಪ್ರೊಟೀನುಗಳಿವೆ. ಅವುಗಳಲ್ಲಿ ಮುಖ್ಯವಾದವು ನಾಲ್ಕು: ಎಂಎಲ್‌ಎಚ್-1, ಪಿಎಂಎಸ್-2, ಎಂಎಸ್‌ಎಚ್-2, ಎಂಎಸ್‌ಎಚ್-6. ಮೊದಲೆರಡು ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಎಂಎಲ್‌ಎಚ್-1 ಇಲ್ಲವಾದರೆ ಅದರ ಸಂಗಾತಿ ಪಿಎಂಎಸ್-2 ಕೂಡ ನಿಲ್ಲಲಾರದೆ ಮಾಯವಾಗುತ್ತದೆ.

ಇವು ಇವೆಯೋ ಇಲ್ಲವೋ ಎಂಬುದನ್ನು ನೋಡುವ ವಿಧಾನಕ್ಕೂ ಒಂದು ಚರಿತ್ರೆಯಿದೆ. ನಿರ್ದಿಷ್ಟ ಪ್ರೊಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಬಳಸಬಹುದೆಂದು ಅಮೆರಿಕದ ಆಲ್ಬರ್ಟ್ ಕೂನ್ಸ್ 1941ರಲ್ಲಿ ತೋರಿಸಿದರು. ಒಂದೇ ತೆರನ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕೇಂಬ್ರಿಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಹಿಡಿದರು. ಅದಕ್ಕೆ 1984ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈಗ ಗಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಪ್ರತಿಕಾಯ ಹಾಕುತ್ತಾರೆ. ಪ್ರೊಟೀನು ಇದ್ದ ಕೋಶಕೇಂದ್ರಗಳು ಸೂಕ್ಷ್ಮದರ್ಶಕದಡಿ ಕಂದು ಬಣ್ಣವಾಗಿ ಕಾಣುತ್ತವೆ. ಕ್ಯಾನ್ಸರ್ ಕೋಶಗಳು ನೀಲಿಯಾಗಿಯೇ ಉಳಿದು, ಪಕ್ಕದ ಆರೋಗ್ಯವಂತ ಕೋಶಗಳು ಕಂದಾದರೆ ಕರಡು ತಿದ್ದುವವನು ಗಡ್ಡೆಯಲ್ಲಿ ಇಲ್ಲವೆಂದು ಅರ್ಥ.

ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ನೂರಕ್ಕೆ 15ರಲ್ಲಿ ಈ ಕೊರತೆ ಕಾಣುತ್ತದೆ. ತಪ್ಪುಗಳೇ ತುಂಬಿದ ಗಡ್ಡೆ ಹೆಚ್ಚು ಅಪಾಯಕಾರಿಯಾಗಿರಬೇಕಲ್ಲವೆ ಎಂದು ಯಾರಿಗಾದರೂ ತೋರುತ್ತದೆ. ನಡೆಯುವುದು ಬೇರೆ. ತಪ್ಪು ಡಿಎನ್‌ಎಯಿಂದ ತಪ್ಪು ಪ್ರೊಟೀನುಗಳು ತಯಾರಾಗುತ್ತವೆ. ಅವು ಕಣ್ಣಿಗೆ ಬಿದ್ದು, ದೇಹದ ರಕ್ಷಣಾಪಡೆ ಗಡ್ಡೆಯನ್ನು ಪರಕೀಯವೆಂದು ಗುರುತಿಸಿ ಮುತ್ತುತ್ತದೆ. ಹೀಗಾಗಿ ಆರಂಭದ ಹಂತಗಳಲ್ಲಿ, ಮುಖ್ಯವಾಗಿ ಎರಡನೆಯ ಹಂತದಲ್ಲಿ, ಈ ಕೊರತೆ ಇದ್ದವರ ಮುಂಗತಿ ಇಲ್ಲದವರಿಗಿಂತ ಉತ್ತಮ. ಅಲ್ಲದೆ, ಈ ಹಂತದಲ್ಲಿ ವಾಡಿಕೆಯ ಫ್ಲೋರೊಯುರಾಸಿಲ್ ಔಷಧವೊಂದನ್ನೇ ಕೊಡುವುದರಿಂದ ಅವರಿಗೆ ಪ್ರಯೋಜನ ಕಾಣದು. ವಾಂತಿ, ಸುಸ್ತು, ಖರ್ಚಿನ ತಿಂಗಳುಗಳನ್ನು ಒಂದು ಬಣ್ಣದ ಪರೀಕ್ಷೆ ತಪ್ಪಿಸಬಲ್ಲದು.

ರೋಗ ದೂರಕ್ಕೆ ಹರಡಿದ ಮೇಲೆ ಈ ಅನುಕೂಲ ಉಳಿಯುವುದಿಲ್ಲ. ಆದರೆ ಅಲ್ಲಿ ಇದೇ ಗುರುತು ಬೇರೊಂದು ಬಾಗಿಲು ತೆರೆಯುತ್ತದೆ. ದೇಹದ ರಕ್ಷಣಾಪಡೆಯ ಕಡಿವಾಣ ಸಡಿಲಿಸುವ ಹೊಸ ಔಷಧಗಳು ಇಂಥ ಗಡ್ಡೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ವರದಿಯೊಂದು ಜಗತ್ತಿನ ಗಮನ ಸೆಳೆಯಿತು. ಈ ಕೊರತೆಯಿದ್ದು, ಗುದನಾಳದ ಗಡ್ಡೆ ಇನ್ನೂ ದೂರಕ್ಕೆ ಹರಡದಿದ್ದ 12 ರೋಗಿಗಳಿಗೆ ಡೋಸ್ಟಾರ್ಲಿಮಾಬ್ ಎಂಬ ಔಷಧ ಕೊಟ್ಟಾಗ ಅಷ್ಟೂ ಜನರಲ್ಲಿ ಗಡ್ಡೆ ಕಾಣದಂತಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಬೇಕಾಗಲಿಲ್ಲ. ಸಂಖ್ಯೆ ಚಿಕ್ಕದು, ಔಷಧ ಬಲು ದುಬಾರಿ. ಆದರೂ ಯಾರಿಗೆ ಇದು ಹೊಂದೀತೆಂದು ಮೊದಲೇ ಹೇಳಿದ್ದು ಆ ನಾಲ್ಕು ಪ್ರೊಟೀನುಗಳ ಪರೀಕ್ಷೆ.

ಮನೆತನದ ಶಾಪ

1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗನಿದಾನ ತಜ್ಞ ಆಲ್ಡ್ರೆಡ್ ವಾರ್ಥಿನ್‌ರಿಗೆ ಅವರ ಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸೊಬ್ಬಳು ತನ್ನ ಕೊರಗು ಹೇಳಿಕೊಂಡಳು. ತಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ತಾನೂ ಹಾಗೆಯೇ ಸಾಯುವೆನೆಂದು ಅವಳ ನಂಬಿಕೆ. ಆದದ್ದೂ ಹಾಗೆಯೇ. ವಾರ್ಥಿನ್ ಆ ವಂಶದ ವಿವರ ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ದಶಕಗಳ ನಂತರ ಹೆನ್ರಿ ಲಿಂಚ್ ಇಂಥ ಮನೆತನಗಳನ್ನು ಹುಡುಕಿ ಅಧ್ಯಯನ ಮುಂದುವರಿಸಿದರು. ರೋಗಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರು ಬಂತು. 1993-94ರಲ್ಲಿ ಕಾರಣವಾದ ವಂಶವಾಹಿಗಳು ಸಿಕ್ಕಿದಾಗ ಅವು ಕರಡು ತಿದ್ದುವ ಪ್ರೊಟೀನುಗಳವೇ ಎಂದು ತಿಳಿಯಿತು.

ನಮ್ಮಲ್ಲೂ ಒಂದೇ ಮನೆಯಲ್ಲಿ ತಲೆಮಾರುಗಳಿಂದ ನಡುಹರೆಯದಲ್ಲೇ ಸಾವು ಸಂಭವಿಸಿದರೆ ಶಾಪ, ದೋಷ ಎಂದು ಹೇಳಿ ಶಾಂತಿ ಮಾಡಿಸುವುದು ವಾಡಿಕೆ. ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಮೂರರಲ್ಲಿ ಆ 'ಶಾಪ'ದ ಹೆಸರು ಲಿಂಚ್ ಸಿಂಡ್ರೋಮ್. ದೋಷವುಳ್ಳ ವಂಶವಾಹಿ ತಂದೆ ಅಥವಾ ತಾಯಿಯಿಂದ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಸಂಬಂಧ ಬೆಳೆಸುವ ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಗಂಡಹೆಂಡಿರಿಬ್ಬರಲ್ಲೂ ಅದೇ ದೋಷವಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದು ಬಾಲ್ಯದಲ್ಲೇ ಕ್ಯಾನ್ಸರ್ ಕಾಣಿಸಬಹುದು. ಇದು ಅಪರೂಪ, ಆದರೆ ಒಂದೇ ಮನೆತನದೊಳಗಿನ ಮದುವೆಗಳಲ್ಲಿ ಇದರ ಸಂಭವ ಹೆಚ್ಚು.

ಹಾಗೆಂದು ಗಡ್ಡೆಯಲ್ಲಿ ಪ್ರೊಟೀನು ಇಲ್ಲವೆಂದ ತಕ್ಷಣ ವಂಶದ ಮೇಲೆ ಗೂಬೆ ಕೂರಿಸಬೇಕಿಲ್ಲ. ವಯಸ್ಸಾದವರಲ್ಲಿ ಎಂಎಲ್‌ಎಚ್-1ರ ವಂಶವಾಹಿ ತಾನಾಗಿ ಮುಚ್ಚಿಕೊಂಡು ಕೊರತೆ ಉಂಟಾಗುವುದೇ ಹೆಚ್ಚು, ಅದು ಮಕ್ಕಳಿಗೆ ಹೋಗದು. ಯಾವುದು ಯಾವುದೆಂದು ಮುಂದಿನ ಪರೀಕ್ಷೆಗಳು ಬಿಡಿಸಿ ಹೇಳುತ್ತವೆ. ವಂಶದ ದೋಷ ಖಚಿತವಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ದೋಷವಿಲ್ಲದವರು ಭಯ ಬಿಡಬಹುದು. ಇದ್ದವರು ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಂಡು, ಗಡ್ಡೆಯಾಗುವ ಮೊದಲೇ ಚಿಕ್ಕ ಮೊಳಕೆಗಳನ್ನು ತೆಗೆಸಿಕೊಳ್ಳಬಹುದು. ವಾರ್ಥಿನ್‌ರ ಮನೆಗೆ ಬಂದಿದ್ದ ಹೊಲಿಗೆಯ ಹೆಂಗಸಿಗೆ ಈ ಎರಡು ದಾರಿಗಳಲ್ಲಿ ಒಂದೂ ಇರಲಿಲ್ಲ.

ಉಳಿದ ಗುರುತುಗಳು

ಪಿ-53, ಕೆಐ-67 ಮುಂತಾದ ಎಷ್ಟೋ ಪ್ರೊಟೀನುಗಳ ಬಗ್ಗೆ ಸಾವಿರಾರು ಲೇಖನಗಳು ಬಂದಿವೆ. ಕರುಳಿನ ಕ್ಯಾನ್ಸರಿನ ಚಿಕಿತ್ಸೆಯನ್ನು ಬದಲಿಸುವ ಮಟ್ಟಕ್ಕೆ ಬಂದವು ಬೆರಳೆಣಿಕೆಯಷ್ಟು. ಕೆಲವೇ ರೋಗಿಗಳಲ್ಲಿ ಕಂಡ ಸಂಬಂಧ ದೊಡ್ಡ ಗುಂಪಿನಲ್ಲಿ ನಿಲ್ಲದೆ ಹೋಗುವುದು ಇದಕ್ಕೆ ಮುಖ್ಯ ಕಾರಣ. ರೋಗ ಹೇಗೆ ಸಾಗೀತೆಂದು ಹೇಳುವ ಗುರುತು ಒಂದು ಬಗೆ, ಯಾವ ಔಷಧಕ್ಕೆ ಜಗ್ಗೀತೆಂದು ಹೇಳುವ ಗುರುತು ಇನ್ನೊಂದು ಬಗೆ. ಎರಡನೆಯದು ರೋಗಿಗೆ ನೇರವಾಗಿ ಒದಗುತ್ತದೆ. ಪರೀಕ್ಷೆಗಳ ಪಟ್ಟಿ ಉದ್ದವಾದಾಗ 'ಇದರ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೆ?' ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗಿದೆ.

ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ಚೂರು ಕೆಟ್ಟಿದ್ದರೆ ಫಲವಿಲ್ಲ. ತೆಗೆದ ಚೂರನ್ನು ತಡಮಾಡದೆ ಸಾಕಷ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಬರಿ ನೀರಿನಲ್ಲೋ ಸಲೈನಿನಲ್ಲೋ ಗಂಟೆಗಟ್ಟಲೆ ಇಟ್ಟರೆ ಪ್ರೊಟೀನುಗಳು ಹಾಳಾಗುತ್ತವೆ. ನರ್ಸಿಂಗ್ ಹೋಮಿನಿಂದ ಪ್ರಯೋಗಾಲಯಕ್ಕೆ ಬಾಟಲಿಯನ್ನು ಮನೆಯವರೇ ಒಯ್ಯುವುದು ನಮ್ಮಲ್ಲಿ ಅಪರೂಪವಲ್ಲದ ಕಾರಣ ಇದು ಅವರೂ ತಿಳಿದಿರಬೇಕಾದ ಸಂಗತಿ. ಬ್ಲಾಕ್ ಎಂದು ಕರೆಯುವ ಮೇಣದ ಬಿಲ್ಲೆ ಸರಿಯಾಗಿದ್ದರೆ ವರ್ಷಗಳ ನಂತರವೂ ಅದರಿಂದ ಹೊಸ ಪರೀಕ್ಷೆ ಮಾಡಬಹುದು. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಆ ಬ್ಲಾಕನ್ನೂ ಕೇಳಿ ಪಡೆಯುವುದು ಒಳ್ಳೆಯದು.

ನೂರಕ್ಕೆ ಎಪ್ಪತ್ತು, ನೂರಕ್ಕೆ ಹದಿನೈದು ಎಂಬುವು ಗುಂಪಿನ ಲೆಕ್ಕಗಳು. ಎದುರಿಗೆ ಕುಳಿತ ಒಬ್ಬ ರೋಗಿ ಆ ನೂರರಲ್ಲಿ ಎಲ್ಲಿದ್ದಾನೆಂದು ಯಾವ ಪ್ರೊಟೀನೂ ಖಚಿತವಾಗಿ ಹೇಳದು. ಚರಕನ ವರ್ಗೀಕರಣದಲ್ಲೂ ಸಾಧ್ಯವಾದ ರೋಗ ಉಪೇಕ್ಷೆಯಿಂದ ಅಸಾಧ್ಯವಾಗಬಲ್ಲದು. ಹಂತ ಯಾವುದು, ಗ್ರಂಥಿಗಳೆಷ್ಟು ನೋಡಿದ್ದಾರೆ, ಸಿಇಎ ಮೊದಲೆಷ್ಟಿತ್ತು, ನಾಲ್ಕು ಪ್ರೊಟೀನುಗಳ ಪರೀಕ್ಷೆ ಆಗಿದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಮುಂದಿನ ದಾರಿಯ ಬಹುಪಾಲು ಸ್ಪಷ್ಟ. ಆದರೆ ಇವುಗಳಿಗೆಲ್ಲ ಒಳ್ಳೆಯ ಉತ್ತರ ಸಿಗುವುದು ರೋಗಿ ಬೇಗ ಬಂದಾಗ. ಮಲದಲ್ಲಿ ಕಂಡ ರಕ್ತಕ್ಕೆ ತಾನೇ ಮೂಲವ್ಯಾಧಿಯೆಂದು ಹೆಸರಿಡದೆ, ಎರಡು ವಾರದೊಳಗೆ ಒಬ್ಬ ವೈದ್ಯರಿಗೆ ತೋರಿಸಿದರೆ, ಪ್ರೊಟೀನುಗಳು ಹೇಳುವ ಮಾತು ಕೇಳುವಂತಿರುತ್ತದೆ.